ಹಾಡು, ಪಿಟೀಲು, ಮೃದಂಗ ಮೂರೂ ಕಲಸಿಹೋದರೆ ಈಕ್ವಲೈಜರ್‌ನಲ್ಲಿ ಏನು ಮಾಡಬೇಕು?

ಮಗಳ ಹಾಡನ್ನು ಪಿಟೀಲು, ಮೃದಂಗದ ಜೊತೆ ಮನೆಯ ಹಾಲ್‌ನಲ್ಲೇ ಮೂರು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದೀರಿ. ಮೃದಂಗ ಗುಂಯ್ ಅನ್ನುತ್ತದೆ, ಪಿಟೀಲು ಕಿವಿಗೆ ಚುಚ್ಚುತ್ತದೆ, ಸಾಹಿತ್ಯ ಸರಿಯಾಗಿ ಕೇಳಿಸುತ್ತಿಲ್ಲ. ಬಾಸ್, ಟ್ರೆಬಲ್ ಎರಡನ್ನೂ ಏರಿಸಿ ನೋಡಿದರೂ ಸರಿಹೋಗಲಿಲ್ಲ ಅಂತ ಬರೆದಿದ್ದೀರಿ.

ಈಕ್ವಲೈಜರ್ (ಚಿಕ್ಕದಾಗಿ ಈಕ್ಯೂ) ಅಂದರೆ ಸದ್ದಿನ ತಗ್ಗು, ನಡು, ಮೇಲಿನ ಭಾಗಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸಾಧನ. ಅದರಲ್ಲಿ ಏರಿಸಿದ್ದನ್ನೆಲ್ಲ ಸೊನ್ನೆಗೆ ತನ್ನಿ. ಈಗ ಇಳಿಸುತ್ತಾ ಹೋಗೋಣ.

ನಾನು ಕಛೇರಿಗಳಿಗೆ ಸೌಂಡ್ ನೋಡಿಕೊಳ್ಳುತ್ತೇನೆ. ಶುರುವಿನ ದಿನಗಳಲ್ಲಿ ಒಂದು ರಾಮನವಮಿ ಪೆಂಡಾಲಿನಲ್ಲಿ ಮೃದಂಗದ ವಿದ್ವಾಂಸರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಮೈಕ್ ಇನ್ನೂ ಆನ್ ಆಗಿರಲಿಲ್ಲ. ರವೆಗೆ ನೀರು ಹಾಕಿ ಕಲಸಿ ಎಡಭಾಗದ ಚರ್ಮದ ನಡುವೆ ಮೆತ್ತಿದರು. ಒಂದು ಪೆಟ್ಟು ಹಾಕಿದರು. ಇನ್ನೊಂದು ಚೂರು ಮೆತ್ತಿ ಮತ್ತೆ ಪೆಟ್ಟು. ಪ್ರತಿ ಸಲವೂ ನಾದ ಸ್ವಲ್ಪ ಕೆಳಗಿಳಿಯಿತು. “ಬಾಸ್ ನಾನೇ ಇಟ್ಕೊಂಡಿದೀನಪ್ಪಾ, ನೀನು ಮತ್ತೆ ಹಾಕ್ಬೇಡ” ಅಂದರು. ಅವತ್ತಿನಿಂದ ವಾದ್ಯವನ್ನು ಬರಿ ಕಿವಿಯಲ್ಲಿ ಕೇಳದೆ ನಾನು ಈಕ್ಯೂ ಮುಟ್ಟುವುದಿಲ್ಲ.

ಮೃದಂಗದ ಎಡಭಾಗದ ಆ ‘ತೊಂ’ ಹೆಚ್ಚಾಗಿ 80ರಿಂದ 120 ಹರ್ಟ್ಜ್ (ಸೆಕೆಂಡಿಗೆ ಇಷ್ಟು ಕಂಪನ ಅನ್ನುವ ಲೆಕ್ಕ; ಅಂಕಿ ಕಡಿಮೆಯಾದಷ್ಟೂ ನಾದ ತಗ್ಗು) ಸುತ್ತ ಇರುತ್ತದೆ. ಸಾಮಾನ್ಯ ಹಾಡಿನ ಮೈಕ್‌ಗಳನ್ನು ವಾದ್ಯಕ್ಕೆ ತೀರಾ ಹತ್ತಿರ ಇಟ್ಟರೆ ಬಾಸ್ ತಾನಾಗಿಯೇ ಜಾಸ್ತಿಯಾಗುತ್ತದೆ. ಮುಂದಿನ ಸಲ ಮೈಕನ್ನು ಒಂದು ಗೇಣು ಹಿಂದಕ್ಕೆ ಇಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಈಗಿನ ರೆಕಾರ್ಡಿಂಗ್‌ನಲ್ಲಿ 250ರಿಂದ 400ರ ನಡುವೆ ಹುಡುಕಿ. ಈಕ್ಯೂನ ಒಂದು ಬ್ಯಾಂಡನ್ನು (ಅದು ಹಿಡಿಯುವ ಹರ್ಟ್ಜ್‌ಗಳ ಪಟ್ಟಿಯನ್ನು) ಕಿರಿದು ಮಾಡಿ, 8 ಡಿಬಿ (ಡೆಸಿಬೆಲ್, ಸದ್ದಿನ ಜೋರಿನ ಅಳತೆ) ಏರಿಸಿ, ನಿಧಾನವಾಗಿ ಆ ಕಡೆ ಈ ಕಡೆ ಸರಿಸಿ. ಒಂದು ಜಾಗದಲ್ಲಿ ಖಾಲಿ ಡ್ರಮ್ ಬಡಿದ ಹಾಗೆ ಕೆಟ್ಟದಾಗಿ ಕೇಳಿಸುತ್ತದೆ. ಅಲ್ಲಿ ನಿಲ್ಲಿಸಿ, ಏರಿಸಿದ್ದನ್ನು ತೆಗೆದು 3-4 ಡಿಬಿ ಇಳಿಸಿ, ಬ್ಯಾಂಡನ್ನು ತುಸು ಅಗಲ ಮಾಡಿ. ಬಲಗಡೆಯ ಚಾಪು ಅನ್ನುವ ಪೆಟ್ಟು ತಾನಾಗಿಯೇ ಬಿಡಿಸಿಕೊಂಡು ಕೇಳಿಸುತ್ತದೆ. ಮೃದಂಗಕ್ಕೆ 100ರಲ್ಲಿ ಲೋ ಕಟ್ (ಅದರ ಕೆಳಗಿನ ಸದ್ದನ್ನು ಕತ್ತರಿಸುವುದು) ಮಾತ್ರ ಹಾಕಬೇಡಿ, ಗುಮ್ಕಿ (ಎಡಗೈಯ ಜಾರುವ ತಗ್ಗು ನಾದ) ಸತ್ತುಹೋಗುತ್ತದೆ.

ಹಾಡಿಗೆ, ಪಿಟೀಲಿಗೆ 100 ಹರ್ಟ್ಜ್‌ನಲ್ಲಿ ಲೋ ಕಟ್ ಹಾಕಬಹುದು. ಹುಡುಗಿಯ ದನಿಗೆ ಅದರ ಕೆಳಗೆ ಬೇಕಾದದ್ದು ಏನೂ ಇರುವುದಿಲ್ಲ. ಇರುವುದು ಫ್ಯಾನಿನ ಗದ್ದಲ, ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡುವಿಕೆ, ನೆಲದ ಸದ್ದು.

ಸಾಹಿತ್ಯ ಕೇಳಿಸದಿರುವುದಕ್ಕೆ ಕಾರಣ ಹೆಚ್ಚಾಗಿ ಪಿಟೀಲಿನ ಟ್ರ್ಯಾಕ್‌ನಲ್ಲಿರುತ್ತದೆ. ಪಕ್ಕವಾದ್ಯದ ಪಿಟೀಲು ಅದೇ ಶ್ರುತಿಯಲ್ಲಿ, ಅದೇ ಸ್ವರದಲ್ಲಿ ಹಾಡಿನ ಹಿಂದೆಯೇ ಬರುತ್ತದೆ, ಅಲ್ವಾ? ಕ, ತ, ಚ ಅನ್ನುವ ಅಕ್ಷರಗಳ ಚುರುಕು 2000ದಿಂದ 4000 ಹರ್ಟ್ಜ್ ಆಸುಪಾಸಿನಲ್ಲಿ ಚೆನ್ನಾಗಿ ಕೇಳಿಸುತ್ತದೆ. ಪಿಟೀಲಿನ ಕಮಾನಿನ ಚುಚ್ಚುವಿಕೆ ಕೂಡ ಅಲ್ಲೇ. ಹಾಗಾಗಿ ದನಿಯನ್ನು ಏರಿಸಬೇಡಿ. ಪಿಟೀಲಿನಲ್ಲಿ 3000ದ ಹತ್ತಿರ 2-3 ಡಿಬಿ ಇಳಿಸಿ, ಸ್ವಲ್ಪ ಅಗಲವಾಗಿ. ಪಿಟೀಲು ಮೆತ್ತಗಾಗುತ್ತದೆ, ಮಗಳ ಅಕ್ಷರಗಳು ಮುಂದೆ ಬರುತ್ತವೆ. ನನಗಂತೂ ಈ ಒಂದು ಬದಲಾವಣೆ ಪ್ರತಿ ಸಲವೂ ಖುಷಿ ಕೊಡುತ್ತದೆ. ಜಾಸ್ತಿ ಇಳಿಸಿದರೆ ಮಾತ್ರ ಗಮಕದ (ಸ್ವರದ ಓಲಾಟದ) ಜೀವ ಹೋಗುತ್ತದೆ. ತನಿಯಾಗಿ ಪಿಟೀಲು ನುಡಿಯುವ ಕಡೆ ಆ ಕಟ್ ತೆಗೆದುಬಿಡಿ.

ಇದನ್ನೆಲ್ಲ ಸೋಲೋ (ಒಂದೇ ಟ್ರ್ಯಾಕ್ ಕೇಳಿಸುವ ಬಟನ್) ಒತ್ತಿ ಮಾಡಬೇಡಿ. ಒಂಟಿಯಾಗಿ ಕೇಳಿದಾಗ ತುಂಬಿದ ಹಾಗಿರುವ ಪಿಟೀಲು, ಮೂರೂ ಸೇರಿದಾಗ ಜಾಗ ಸಾಲದೆ ಒತ್ತುತ್ತದೆ. ಇನ್ನೊಂದು, ಒಂದೇ ಹಾಲ್‌ನಲ್ಲಿ ಕೂತಿದ್ದಾರೆ. ಪಿಟೀಲಿನ ಮೈಕ್‌ನಲ್ಲಿ ಮೃದಂಗವೂ ಇದೆ. ಒಂದನ್ನು ಬದಲಿಸಿದರೆ ಇನ್ನೊಂದೂ ಬದಲಾಗುತ್ತದೆ.

ತಂಬೂರಿ ಟ್ರ್ಯಾಕ್ ಬೇರೆ ಇದ್ದರೆ ಅದರ ಮೇಲಿನ ಝೇಂಕಾರ ಹಾಗೇ ಇರಲಿ. ತಂತಿಯ ಕೆಳಗೆ ಸಿಕ್ಕಿಸುವ ದಾರ, ಅಂದರೆ ಜೀವಾಳ, ಇರುವುದೇ ಅದಕ್ಕಾಗಿ. ವಾಲ್ಯೂಮ್ ಮಾತ್ರ ಕಡಿಮೆ ಮಾಡಿ.

ಕೊನೆಗೆ ಹೆಡ್‌ಫೋನ್‌ನಲ್ಲಿ ಕೇಳಿ, ಆಮೇಲೆ ಫೋನಿನ ಸ್ಪೀಕರ್‌ನಲ್ಲೂ ಕೇಳಿ. ಫೋನಿನಲ್ಲಿ 100 ಹರ್ಟ್ಜ್ ಹೆಚ್ಚುಕಡಿಮೆ ಬರುವುದೇ ಇಲ್ಲ. ಅಲ್ಲಿ ಮೃದಂಗ ತೆಳ್ಳಗೆ ಕೇಳಿಸಿತು ಅಂತ ಮತ್ತೆ ಬಾಸ್ ಏರಿಸಬೇಡಿ. ಅಲ್ಲಿ ನೋಡಬೇಕಾದದ್ದು ಸಾಹಿತ್ಯ ತಿಳಿಯುತ್ತದೆಯೇ ಅನ್ನುವುದನ್ನು.