ಅಡಿರಾಂಡಾಕ್ ಕಾಡಿಗೆ ಯಾವ ಕೋವಿ? ನಿಮ್ಮ ಲೇಖನ ಓದಿದ ಮೇಲೆ

ಪ್ರಿಯರೇ,

‘ಬೆಟ್ಟದ ಕಾಡಿನ ಜಿಂಕೆ ಬೇಟೆಗೆ ಕೋವಿ ಆರಿಸುವ ಬಗೆ’ ಎಂಬ ನಿಮ್ಮ ಲೇಖನ ತಲುಪಿದೆ. ಪೂರ್ತಿ ಓದಿದೆ, ಕೆಲವು ಪುಟ ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ವಿಷಾದದ ಎರಡು ಸಾಲು ಬರೆದು ಕೈತೊಳೆದುಕೊಳ್ಳುವಂಥ ಬರಹವೂ ಅಲ್ಲ. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕೆ, ಅಡಿರಾಂಡಾಕ್ ಬೆಟ್ಟಗಳ ಮಗ್ಗುಲಲ್ಲೇ ಕೆಲಸಕ್ಕಿದ್ದೀರಿ, ನೆರೆಮನೆಯ ಮುದುಕರ ಜೊತೆ ಕಾಡು ಹೊಕ್ಕು ಬಂದಿದ್ದೀರಿ. ಅಮೆರಿಕದ ಕನ್ನಡಿಗರಿಂದ ನಮಗೆ ಬರುವುದು ಬಹುಪಾಲು ಮೊದಲ ಹಿಮ, ಊರಿನ ನೆನಪು, ಅಮ್ಮನ ಕೈಯ ಸಾರು. ನಿಮ್ಮದು ಬೇರೆ ಸರಕು. ಅದಕ್ಕೇ ಮುಲಾಜಿಲ್ಲದೆ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ ಹೊಡೆದುಹಾಕಿ. ಶಿಲಾಯುಗ, ಪುರಾಣದ ರಾಜರ ಮೃಗಯಾವಿಹಾರ, ಮೈಸೂರಿನ ಖೆಡ್ಡಾ ಎಲ್ಲ ಸುತ್ತಿಕೊಂಡು ನೀವು ವಿಷಯಕ್ಕೆ ಬರುವಷ್ಟರಲ್ಲಿ ಓದುಗ ಎದ್ದುಹೋಗಿರುತ್ತಾನೆ. ಖೆಡ್ಡಾ ಎಂದರೆ ಆನೆ ಹಿಡಿಯುವ ಕೆಲಸ, ಅದಕ್ಕೆ ಇಲ್ಲೇನು ಕೆಲಸ?

ಆಮೇಲೆ ಆ ಕೋಷ್ಟಕ. ಆರು ನಮೂನೆಯ ತೋಟೆಗಳು, ಒಂದೊಂದರ ವೇಗ, ನೂರು ಗಜದಿಂದ ಐನೂರು ಗಜದವರೆಗೆ ಗುಂಡು ಎಷ್ಟೆಷ್ಟು ಇಂಚು ಇಳಿಯುತ್ತದೆ ಎಂಬ ಲೆಕ್ಕ. ಕಂಪನಿಯ ಕ್ಯಾಟಲಾಗಿನಿಂದ ಎತ್ತಿದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ನಿಮ್ಮದೇ ಆರನೇ ಪುಟದಲ್ಲಿ, ಎಳೆ ಬೀಚ್ ಗಿಡಗಳ ಹಳುವಿನೊಳಗೆ ನಲವತ್ತು ಹೆಜ್ಜೆ ಮುಂದಿದ್ದ ಜೊತೆಗಾರನ ಕಿತ್ತಳೆ ಟೋಪಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ ಎಂದು ಬರೆದಿದ್ದೀರಿ. ಆಳೇ ಕಾಣದ ಕಡೆ ಐನೂರು ಗಜದ ಲೆಕ್ಕ ಯಾರಿಗೆ ಬೇಕು? ಕೋಷ್ಟಕ ತೆಗೆಯಿರಿ, ಆರನೇ ಪುಟ ಬೆಳೆಸಿ. ಆ ಹಳು ಅಷ್ಟು ದಟ್ಟವಾಗಿರುವುದು ಯಾಕೆ ಎಂಬುದನ್ನೂ ಹೇಳಿ. ಬೀಚ್ ಮರದ ತೊಗಟೆಗೆ ಒಂದು ಪುಟ್ಟ ಶಲ್ಕಕೀಟ ಬಾಯಿ ಹಾಕುತ್ತದೆ, ಆ ಗಾಯಕ್ಕೆ ಬೂಷ್ಟು ಸೇರುತ್ತದೆ, ದೊಡ್ಡ ಮರ ನಿಂತಲ್ಲೇ ಸಾಯುತ್ತದೆ. ಸಾಯುವ ಮರದ ಬೇರಿನಿಂದ ಚಿಗುರುಗಳು ಗುಂಪುಗುಂಪಾಗಿ ಏಳುತ್ತವೆ. ಜಿಂಕೆಗಳಿಗೆ ಬೇರೆ ಮೇವಿನ ಮುಂದೆ ಆ ಚಿಗುರು ರುಚಿಸುವುದಿಲ್ಲ, ಹಾಗಾಗಿ ಅದು ಉಳಿದು ಗೋಡೆಯಂತೆ ಬೆಳೆಯುತ್ತದೆ. ಕೋವಿ ಆರಿಸುವ ಮೊದಲು ನೋಡಬೇಕಾದದ್ದು ಆ ಗೋಡೆಯನ್ನು.

ಇನ್ನೊಂದು ದೊಡ್ಡ ಸಂಗತಿ ನಿಮ್ಮ ಕಾಲಬುಡದಲ್ಲೇ ಇತ್ತು, ದಾಟಿಕೊಂಡು ಹೋಗಿದ್ದೀರಿ. ‘ಈ ಕಾಡು ತುಂಬ ದುರ್ಗಮ’ ಎಂದು ಒಂದೇ ಸಾಲು ಬರೆದಿದ್ದೀರಲ್ಲ, ಅದು ತಾನಾಗಿ ದುರ್ಗಮವಾಗಿ ಉಳಿದದ್ದಲ್ಲ. 1892ರಲ್ಲಿ ಅಡಿರಾಂಡಾಕ್ ಪಾರ್ಕ್ ಆಯಿತು. 1894ರ ನವೆಂಬರಿನಲ್ಲಿ ನ್ಯೂಯಾರ್ಕಿನ ಮತದಾರರು ಒಪ್ಪಿದ ಸಂವಿಧಾನದಲ್ಲಿ, ಅಲ್ಲಿನ ಸರ್ಕಾರಿ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕು, ಅದನ್ನು ಮಾರಕೂಡದು, ಮರ ಕಡಿಯಕೂಡದು ಎಂಬ ಕಲಮು ಸೇರಿತು. ಇವತ್ತಿಗೂ ಅದು ಜಾರಿಯಲ್ಲಿದೆ. ಸುಮಾರು 60 ಲಕ್ಷ ಎಕರೆಯ ಪಾರ್ಕಿನಲ್ಲಿ ಹೆಚ್ಚುಕಡಿಮೆ ಅರ್ಧ ಅದರ ಅಡಿಯಲ್ಲಿ ಬರುತ್ತದೆ, ಅದರಲ್ಲೂ ತೀರಾ ಒಳಗಿನ ಭಾಗಗಳಿಗೆ ಮೋಟಾರು ವಾಹನ ಒಯ್ಯುವ ಹಾಗಿಲ್ಲ. ಕಡಿಯದ ಕಾಡಿನಲ್ಲಿ ನೆಲಕ್ಕೆ ಬಿಸಿಲು ಕಡಿಮೆ, ಜಿಂಕೆಗೆ ಮೇವು ಕಡಿಮೆ, ಮೇಲೆ ತಿಂಗಳುಗಟ್ಟಲೆ ಹಿಮ. ಆದ್ದರಿಂದ ಜಿಂಕೆಗಳೂ ಕಡಿಮೆ. ಒಂದು ಗಂಡು ಜಿಂಕೆಯ ಹೆಜ್ಜೆ ಕಾಣಲು ದಿನವಿಡೀ ನಡೆಯಬೇಕು, ಹೊಡೆದರೆ ಎಳೆದು ತರಲು ಮತ್ತೆ ನಡೆಯಬೇಕು. ಕೋವಿಯ ತೂಕದ ಪ್ರಶ್ನೆ ಹುಟ್ಟುವುದು ಇಲ್ಲಿ. ನೀವು ತೂಕವನ್ನು ಕೋಷ್ಟಕದ ಕೊನೆಯ ಅಂಕಣಕ್ಕೆ ತಳ್ಳಿದ್ದೀರಿ.

ಅದೇ 1894ರ ಹೆಸರು ಹೊತ್ತ ವಿಂಚೆಸ್ಟರ್ ಲೀವರ್ ರೈಫಲ್, ಅಂದರೆ ಕೆಳಗಿನ ಹಿಡಿಯನ್ನು ಆಡಿಸಿ ಮುಂದಿನ ತೋಟೆ ತುಂಬುವ ಕೋವಿ, ನಿಮ್ಮ ಲೇಖನದಲ್ಲೇ ಇದೆ. ಜಾನ್ ಬ್ರೌನಿಂಗ್ ರೂಪಿಸಿದ್ದು. ಮರುವರ್ಷ ಅದಕ್ಕೆಂದೇ .30-30 ತೋಟೆ ಬಂತು. ಕಾಡಿನ ಕಲಮು, ಕೋವಿ ಒಂದೇ ವರ್ಷದವು ಎಂಬುದು ಕಾಕತಾಳೀಯ, ಇರಲಿ. ಆದರೆ ಅದರ ಹಿಂದಿನ ಕಾಲ ನೋಡಿ. ಅಲ್ಲಿಯವರೆಗೆ ಆ ಬೆಟ್ಟಗಳಲ್ಲಿ ಜಿಂಕೆ ಬೇಟೆಯೆಂದರೆ ನಾಯಿ ಬಿಟ್ಟು ಸರೋವರಕ್ಕೆ ಅಟ್ಟುವುದು, ಈಜುತ್ತಿರುವ ಪ್ರಾಣಿಯನ್ನು ದೋಣಿಯಿಂದ ಹೊಡೆಯುವುದು. ಇಲ್ಲವೇ ರಾತ್ರಿ ದೋಣಿಯ ಮೂತಿಗೆ ದೀಪ ಕಟ್ಟಿಕೊಂಡು, ಬೆಳಕಿಗೆ ಬೆಪ್ಪಾಗಿ ನಿಂತದ್ದಕ್ಕೆ ಈಡು ಹಾರಿಸುವುದು. ಶತಮಾನ ತಿರುಗುವ ಹೊತ್ತಿಗೆ ಕಾನೂನು ಎರಡನ್ನೂ ನಿಲ್ಲಿಸಿತು. ಬೇಟೆಗಾರ ದೋಣಿಯಿಂದ ಇಳಿದು ನಡೆಯಲೇಬೇಕಾಯಿತು, ನಡೆಯುವವನ ಕೈಗೆ ಮೂರು ಕಿಲೋ ಆಸುಪಾಸಿನ, ಇಪ್ಪತ್ತು ಇಂಚು ನಳಿಗೆಯ, ಚಪ್ಪಟೆ ಮೈಯ ಕೋವಿ ಒಗ್ಗಿತು. ಲೇಖನಕ್ಕೆ ಬೆನ್ನುಮೂಳೆ ಬೇಕಿದ್ದರೆ ಇದು.

ಇಷ್ಟೆಲ್ಲ ಕಣ್ಣೆದುರು ಇಟ್ಟುಕೊಂಡು ಕೊನೆಗೆ ನೀವು ಶಿಫಾರಸು ಮಾಡಿದ್ದು .300 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ಭಾರಿ ತೋಟೆಯ ಕೋವಿ, ಇಪ್ಪತ್ತಾರು ಇಂಚಿನ ನಳಿಗೆ, ಮೇಲೆ ಒಂಬತ್ತು ಪಟ್ಟು ಹಿಗ್ಗಿಸುವ ದುರ್ಬೀನು! ಬಯಲಿನಾಚೆಯ ದೊಡ್ಡ ಜಾತಿಯ ಜಿಂಕೆ ಎಲ್ಕ್‌ಗೆ ಅದು ಸರಿ. ಒಂಬತ್ತು ಪಟ್ಟಿನ ದುರ್ಬೀನಿನಲ್ಲಿ ನೂರು ಗಜದಾಚೆ ಕಾಣುವ ಅಗಲ ಹದಿನಾಲ್ಕು ಅಡಿ ಅಂದಾಜು, ಮೂವತ್ತು ಗಜಕ್ಕೆ ನಾಲ್ಕೇ ಅಡಿ. ಜಿಂಕೆ ಎದ್ದು ಓಡಿದರೆ ಕಣ್ಣಿಗೆ ಬೀಳುವುದು ಕಂದು ಕೂದಲು ಮಾತ್ರ. ಹೆಗಲೋ ತೊಡೆಯೋ ತಿಳಿಯುವ ಮೊದಲೇ ಅದು ಹೋಗಿರುತ್ತದೆ. ಈಡು ಹಾರಿದಾಗ ಹೆಗಲಿಗೆ ಬೀಳುವ ಒದೆತವಂತೂ .30-30ರ ಎರಡು ಪಟ್ಟಿಗೂ ಹೆಚ್ಚು. ಹೊಸಬರಿಗೆ ಅದು ಕಲಿಸುವುದು ಕಣ್ಣು ಮುಚ್ಚಿಕೊಂಡು ಕೋವಿಯ ಕುದುರೆ ಎಳೆಯುವುದನ್ನು.

ಈಗ ನಿಮ್ಮ ಲೇಖನದ ಅತ್ಯುತ್ತಮ ಸಾಲಿಗೆ ಬರುತ್ತೇನೆ. ನೆರೆಮನೆಯ ಮುದುಕರ ಹಳೇ ವಿಂಚೆಸ್ಟರಿನ ಉಕ್ಕಿಗೆ ಎಲ್ಲ ಕಡೆಯೂ ನೀಲಿಗಪ್ಪು ಬಣ್ಣವಿತ್ತು, ಲೀವರಿನ ಮುಂದೆ, ಅಡಿಭಾಗದಲ್ಲಿ ಅಂಗೈ ಅಗಲ ಮಾತ್ರ ಸವೆದು ಬೆಳ್ಳಿಯಂತೆ ಹೊಳೆಯುತ್ತಿತ್ತು ಎಂದಿದ್ದೀರಿ. ಅಷ್ಟಕ್ಕೇ ಬಿಟ್ಟಿದ್ದೀರಿ. ಅದು ಅವರು ಕೋವಿ ಹಿಡಿದು ನಡೆದ ಜಾಗ, ತೂಕ ಸರಿಯಾಗಿ ತೂಗುವ ಜಾಗ. ಒಂದೇ ಕೈಯಲ್ಲಿ, ಬೆರಳು ಸುತ್ತಲೂ ಮುಚ್ಚುವಂತೆ ಹಿಡಿದು ದಿನವಿಡೀ ನಡೆಯಬಹುದು. ಆ ಕೋವಿಯ ಮೇಲೊಂದು ದುರ್ಬೀನು ಕೂರಿಸಿ ನೋಡಿ, ಆ ಹಿಡಿತವೇ ತಪ್ಪಿಹೋಗುತ್ತದೆ. ಹಳೆಯ ವಿಂಚೆಸ್ಟರುಗಳಲ್ಲಿ ಖಾಲಿ ತೋಟೆ ನೇರ ಮೇಲಕ್ಕೆ ಸಿಡಿಯುತ್ತಿದ್ದುದರಿಂದ ದುರ್ಬೀನಿಗೆ ಅಲ್ಲಿ ಜಾಗವೂ ಇರಲಿಲ್ಲ. 1948ರಲ್ಲಿ ಬಂದ ಮಾರ್ಲಿನ್ 336 ಎಂಬ ಇನ್ನೊಂದು ಲೀವರ್ ರೈಫಲ್ ಖಾಲಿ ತೋಟೆಯನ್ನು ಪಕ್ಕಕ್ಕೆ ಉಗುಳುತ್ತದೆ, ಅದರ ನೆತ್ತಿ ಮುಚ್ಚಿದೆ, ಕಣ್ಣು ಮಂಜಾದವರು ಅದಕ್ಕೆ ಹೊರಳಿದ್ದರಲ್ಲಿ ಅರ್ಥವಿದೆ. ದುರ್ಬೀನು ಬೇಕೋ ಬೇಡವೋ ಎಂಬ ನಿಮ್ಮ ಎರಡು ಪುಟದ ವಾದವನ್ನು ಆ ಸವೆದ ಉಕ್ಕು ಅರ್ಧ ಪುಟದಲ್ಲಿ ಮುಗಿಸುತ್ತದೆ. ಹಿಮ ಬೀಳುವಾಗ ಗಾಜಿನ ಮೇಲೆ ಕೂರುವ ಪುಡಿ, ಚಳಿಯಿಂದ ಬೆಚ್ಚಗಿನ ಕ್ಯಾಬಿನ್ನಿಗೆ ತಂದ ಕೂಡಲೇ ಬೆವರುವ ಲೋಹ, ಅದಕ್ಕಾಗಿ ತೋಟೆ ತೆಗೆದ ಕೋವಿಯನ್ನು ರಾತ್ರಿಯಿಡೀ ತಣ್ಣನೆ ಕೊಟ್ಟಿಗೆಯಲ್ಲೇ ಬೀಗ ಹಾಕಿಡುವ ಅಭ್ಯಾಸ, ಇವೂ ಅಲ್ಲೇ ಬರಲಿ.

ಎರಡು ತಪ್ಪುಗಳಿವೆ. ಒಂದು ಸಣ್ಣದು. ಭಾರದ, ನಿಧಾನದ ಗುಂಡು ಕಡ್ಡಿ-ಕೊಂಬೆಗಳನ್ನು ಸೀಳಿಕೊಂಡು ನೇರ ಹೋಗುತ್ತದೆ ಎಂದಿದ್ದೀರಿ. ಅಲ್ಲಿನ ಬೇಟೆಗಾರರೂ ತಲೆಮಾರುಗಳಿಂದ ಹಾಗೇ ನಂಬಿಕೊಂಡು ಬಂದಿದ್ದಾರೆ. ಹೊಡೆದು ಪರೀಕ್ಷಿಸಿದವರು ಕಂಡದ್ದು, ಕಡ್ಡಿ ತಾಗಿದರೆ ಎಲ್ಲ ಗುಂಡೂ ದಾರಿ ತಪ್ಪುತ್ತದೆ ಎಂದು. ಸಂದಿ ಹುಡುಕಿ ಹೊಡೆಯಬೇಕು, ಇಲ್ಲವೇ ಬಿಡಬೇಕು.

ಇನ್ನೊಂದು ಅಪಾಯದ್ದು. ‘ಹೆಚ್ಚು ದೂರ ಸಾಗಲೆಂದು ಲೀವರ್ ರೈಫಲ್ಲಿಗೂ ಚೂಪು ಮೂತಿಯ ಗುಂಡು ಬಳಸಬಹುದು’ ಎಂಬ ವಾಕ್ಯವನ್ನು ಈಗಲೇ ಅಳಿಸಿ. ವಿಂಚೆಸ್ಟರ್ 94, ಮಾರ್ಲಿನ್ 336 ಎರಡರಲ್ಲೂ ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟೆಗಳು ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನದರ ಮೂತಿ ಮುಂದಿನದರ ಕೇಪಿಗೆ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಭಾಗಕ್ಕೆ, ಒತ್ತಿಕೊಂಡಿರುತ್ತದೆ. ಗಟ್ಟಿ ಚೂಪು ಮೂತಿಯಿದ್ದರೆ ಈಡು ಹಾರಿದ ಒದೆತಕ್ಕೆ ಆ ಕೇಪು ಸಿಡಿಯಬಹುದು, ಕೊಳವೆಯ ಅಡಿಯಲ್ಲಿ ಎಡಗೈ ಇರುತ್ತದೆ. .30-30ರ ಗುಂಡಿಗೆ ಮೊದಲಿಂದಲೂ ಮೊಂಡು ಮೂತಿ ಇರುವುದು ಇದಕ್ಕೇ. ಈಗ ರಬ್ಬರಿನಂತೆ ಮೆತ್ತಗಿನ ತುದಿಯ ಚೂಪು ಗುಂಡುಗಳನ್ನು ಈ ಕೋವಿಗಳಿಗೆಂದೇ ಮಾಡುತ್ತಾರೆ, ಅದು ಬೇರೆ ಮಾತು. ಸಾವೇಜ್ 99 ಎಂಬ ಬೇರೊಂದು ಲೀವರ್ ರೈಫಲ್ಲಿನ ಹೆಸರನ್ನೂ ಎತ್ತಿದ್ದೀರಿ. ಅದರ ಹಳೆಯ ಮಾದರಿಗಳಲ್ಲಿ ತೋಟೆಗಳು ಕೊಳವೆಯಲ್ಲಲ್ಲ, ಸುತ್ತುವ ಮ್ಯಾಗಜಿನ್ ಎಂಬ ಗೂಡಿನೊಳಗೆ ಕೂರುತ್ತವೆ, ಚೂಪು ಗುಂಡು ನಿರಾತಂಕವಾಗಿ ನಡೆಯುತ್ತದೆ. ನೀವು ಎರಡನ್ನೂ ಕಲಸಿದ್ದೀರಿ. ನಮ್ಮ ಓದುಗರಲ್ಲಿ ಕೊಡಗಿನವರು ಸಾಕಷ್ಟಿದ್ದಾರೆ, ಇಂಥದ್ದು ಅಚ್ಚಾದರೆ ಮಾರನೆಯ ದಿನವೇ ಫೋನು ಬರುತ್ತದೆ.

ಹಳೆಯ ಲೀವರ್ ಕೋವಿಯೇ ಶ್ರೇಷ್ಠ ಎಂದು ಬರೆಯಿರಿ ಅನ್ನುತ್ತಿಲ್ಲ. ಹಳೆಯದರ ಮೇಲಿನ ಮೋಹವೂ ಕ್ಯಾಟಲಾಗಿನಷ್ಟೇ ಕುರುಡು. ಬೀವರ್ ಎಂಬ ನೀರುಪ್ರಾಣಿ ತೊರೆಗೆ ಒಡ್ಡು ಕಟ್ಟಿದ ಕಡೆ ಜೌಗು ಬಯಲು ತೆರೆದುಕೊಂಡಿರುತ್ತದೆ, ಅಂಚಿನಲ್ಲಿ ಮರಸು ಕೂರುವವರಿಗೆ ನೂರೈವತ್ತು ಗಜವನ್ನೂ ಮೀರಿದ ಈಡು ಬೇಕಾಗಬಹುದು. ಅವರಿಗೆ .308 ತೋಟೆಯ, ಅಗುಳಿ ಎಳೆದು ತುಂಬುವ ಬೋಲ್ಟ್ ರೈಫಲ್ಲು, ಕಡಿಮೆ ಪಟ್ಟಿನ ದುರ್ಬೀನು ಸರಿಯಾದ ಜೋಡಿ. ಹಿಮದಲ್ಲಿ ಜಾಡು ಹಿಡಿದು ಸಂಜೆವರೆಗೂ ಬೆನ್ನುಹತ್ತುವವರ ಲೆಕ್ಕವೇ ಇನ್ನೊಂದು. ಪಕ್ಕದ ವರ್ಮಾಂಟಿನಲ್ಲಿ ಇದರಲ್ಲೇ ಹೆಸರಾದ ಲ್ಯಾರಿ ಬೆನೊಯ್ಟ್ ಮತ್ತು ಅವರ ಮಕ್ಕಳು ಹಿಡಿದದ್ದು ರೆಮಿಂಗ್ಟನ್ನಿನ ಪಂಪ್ ರೈಫಲ್, ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆಮುಂದೆ ಎಳೆದು ತೋಟೆ ತುಂಬುವಂಥದ್ದು. 1952ರಲ್ಲಿ ಬಂದ 760 ಮಾದರಿಯ ಪರಂಪರೆ ಅದು. ಹೆಗಲಿಂದ ಇಳಿಸದೆ ಎರಡನೇ ಈಡು ಹಾರಿಸಬಹುದು. ನೀವು ಪಂಪ್ ರೈಫಲ್ಲನ್ನು ‘ಹಳೇ ಕಾಲದ್ದು’ ಎಂದು ಒಂದೇ ಮಾತಲ್ಲಿ ತಳ್ಳಿಹಾಕಿದ್ದೀರಿ. ಹಳುವಿನಲ್ಲಿ ನಡೆಯುವವ, ಮರಸು ಕೂರುವವ, ಜಾಡು ಹಿಡಿಯುವವ, ಈ ಮೂವರು ಬೇಟೆಗಾರರನ್ನು ಅವರವರ ಜಾಗದಲ್ಲಿ ನಿಲ್ಲಿಸಿ ತೋರಿಸಿದರೆ, ಯಾವುದು ಉತ್ತಮ ಎಂದು ನೀವು ತೀರ್ಪು ಕೊಡಬೇಕಾಗಿಯೇ ಇಲ್ಲ.

‘ಅಮೆರಿಕದಲ್ಲಿ ಯಾರು ಬೇಕಾದರೂ ಅಂಗಡಿಗೆ ಹೋಗಿ ಕೋವಿ ಕೊಳ್ಳಬಹುದು’ ಎಂಬ ವಾಕ್ಯ ನಮ್ಮವರನ್ನು ಜೈಲಿಗೆ ಕಳಿಸೀತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ಗ್ರೀನ್ ಕಾರ್ಡಿನವರಿಗೆ ಈ ನಿಷೇಧವಿಲ್ಲ. ನ್ಯೂಯಾರ್ಕಿನಲ್ಲಿ ಹೊಸಬರಿಗೆ ಪರವಾನಗಿ ಸಿಗಬೇಕಾದರೆ ಬೇಟೆ ತರಬೇತಿ ಮುಗಿಸಿರಬೇಕು. ಕೋವಿ ಆರಿಸುವ ಲೇಖನ ಕನ್ನಡದಲ್ಲಿ ಬರುವುದಾದರೆ ಇದು ಮೊದಲ ಪುಟಗಳಲ್ಲೇ ಇರಬೇಕು. ನಾಲ್ಕನೇ ಪುಟದಲ್ಲಿ, ಪರವಾನಗಿ ಪಡೆಯುವ ಮೊದಲೇ ಸ್ನೇಹಿತರ ಕೋವಿ ತೆಗೆದುಕೊಂಡು ಹೋಗಿ ಗುರಿ ಅಭ್ಯಾಸ ಮಾಡಿದೆ ಎಂದು ಬರೆದಿದ್ದೀರಿ. ನಿಮ್ಮ ವೀಸಾ ಯಾವುದು? ನನಗೆ ಹೇಳಬೇಕಿಲ್ಲ, ಒಬ್ಬ ವಕೀಲರಿಗೆ ತೋರಿಸಿದ ಮೇಲಷ್ಟೇ ಆ ಭಾಗ ಇಟ್ಟುಕೊಳ್ಳಿ.

ಕೊಡಗಿನ ಬಗ್ಗೆ ಸೇರಿಸಿರುವ ಪ್ಯಾರಾ ಬೇಡ. ಅಲ್ಲಿಯೂ ಹೀಗೇ ಬೇಟೆ ನಡೆಯುತ್ತದೆ ಎಂಬ ಧ್ವನಿ ಅದರಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ ಹೊಡೆಯುವುದು ಅಪರಾಧ. ಕೊಡವರಿಗಿರುವ ವಿನಾಯಿತಿ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವುದಕ್ಕೆ, 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಬೇಟೆಗೂ ಅದಕ್ಕೂ ಸಂಬಂಧವಿಲ್ಲ.

ಕೊನೆಗೆ, ನೀವು ಬರೆಯದೇ ಬಿಟ್ಟದ್ದು. ಎಂಟನೇ ಪುಟದಲ್ಲಿ ಈಡು ಹಾರುತ್ತದೆ, ಜಿಂಕೆ ‘ಅಲ್ಲೇ ಕುಸಿಯುತ್ತದೆ’, ಮುಂದಿನ ಸಾಲಿನಲ್ಲಿ ಎಲ್ಲರೂ ಕ್ಯಾಬಿನ್ನಿನ ಬೆಂಕಿಯ ಮುಂದೆ ಕೂತಿದ್ದೀರಿ. ನನಗೆ ನಂಬಿಕೆ ಬರಲಿಲ್ಲ. ಶ್ವಾಸಕೋಶಕ್ಕೆ ಸರಿಯಾಗಿ ಬಿದ್ದ ಜಿಂಕೆಯೂ ಸಾಮಾನ್ಯವಾಗಿ ಐವತ್ತು-ನೂರು ಗಜ ಓಡಿಯೇ ಬೀಳುತ್ತದೆ. ನೊರೆನೊರೆಯಾದ ತಿಳಿಗೆಂಪು ರಕ್ತವಿದ್ದರೆ ಶ್ವಾಸಕೋಶ, ಕಪ್ಪಾಗಿ ಹಸಿರು ಕಲೆತಿದ್ದರೆ ಹೊಟ್ಟೆ. ಮೊದಲನೆಯದಕ್ಕೆ ಅರ್ಧ ಗಂಟೆ ಕಾಯುತ್ತಾರೆ, ಎರಡನೆಯದಕ್ಕೆ ಗಂಟೆಗಟ್ಟಲೆ. ನವೆಂಬರ್ ನಡುವಿಗೆ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಯಾವ ರಕ್ತ ಕಂಡಿರಿ? ಯಾರು ಕಾಯೋಣ ಅಂದರು, ಯಾರು ಹೋಗೋಣ ಅಂದರು? ಕರುಳು ತೆಗೆದದ್ದು ಯಾರು, ಹಗ್ಗ ಹಿಡಿದು ಕಲ್ಲುಗಳ ಮೇಲೆ ಎಳೆದದ್ದು ಎಷ್ಟು ಹೊತ್ತು, ಆಗ ಕೋವಿ ಯಾರ ಕೈಯಲ್ಲಿತ್ತು? ಜಿಂಕೆ ಸಿಗದೇ ಹೋಗಿದ್ದರೆ ಅದನ್ನೂ ಬರೆಯಿರಿ, ಲೇಖನಕ್ಕೆ ಧಕ್ಕೆಯಿಲ್ಲ. ಕೋವಿ, ತೋಟೆ, ದೂರ ಎಂದು ಇಷ್ಟು ಪುಟ ಬರೆದಿರುವುದು ಒಂದೇ ಈಡಿಗೆ ಕೆಲಸ ಮುಗಿಯಲಿ ಎಂದಲ್ಲವೇ? ಹಾಗಾದರೆ ಆ ಈಡಿನ ನಂತರದ ಮೂರು ಗಂಟೆ ನನಗೆ ಬೇಕು.

ಪರಿಷ್ಕರಿಸಿದ ಪ್ರತಿ ಎರಡು ಸಾವಿರ ಪದ ದಾಟದಿರಲಿ. ಅಕ್ಟೋಬರ್ ಕೊನೆಗೆ ಅಲ್ಲಿ ಸೀಸನ್ ಶುರುವಾಗುವುದರೊಳಗೆ ಕಳಿಸಿದರೆ ನವೆಂಬರ್ ಸಂಚಿಕೆಗೆ ನೋಡಬಹುದು. ಫೋಟೊಗಳಲ್ಲಿ ಸತ್ತ ಜಿಂಕೆಯ ಕೊಂಬು ಹಿಡಿದು ನಗುತ್ತಿರುವುದು ಬೇಡ. ಮುದುಕರು ಒಪ್ಪಿದರೆ ಅವರ ಕೋವಿಯ ಸವೆದ ಭಾಗದ್ದೊಂದು ಹತ್ತಿರದ ಚಿತ್ರ ಸಾಕು. ಸೀರಿಯಲ್ ನಂಬರು ಅಲ್ಲೇ ಅಡಿಭಾಗದಲ್ಲಿ ಕೊರೆದಿರುತ್ತದೆ, ಅದು ಬೀಳದಂತೆ ನೋಡಿಕೊಳ್ಳಿ.

ಇತಿ,
ಸಂಪಾದಕ