ಬಾಯಿಪಾಠ ಮಾಡಿದ ಇಂಗ್ಲಿಷ್ ಪದ ಬರೆಯುವಾಗ ಯಾಕೆ ಕೈಕೊಡುತ್ತೆ?

ಪ್ರಶ್ನೆ: ಸಾರ್, ದಿನಾ ಇಪ್ಪತ್ತು ಇಂಗ್ಲಿಷ್ ಪದ, ಪಕ್ಕದಲ್ಲಿ ಕನ್ನಡ ಅರ್ಥ ಬರ್ಕೊಂಡು ಉರು ಹೊಡೀತೀನಿ. ವಾರ ಆಗೋಷ್ಟರಲ್ಲಿ ಅರ್ಧಕ್ಕರ್ಧ ಮರ್ತೋಗಿರುತ್ತೆ, ನೆನಪಿರೋದೂ ಓದುವಾಗ ಗೊತ್ತಾಗತ್ತೆ ಅಷ್ಟೇ, ಬರೆಯೋಕೆ ಕೂತ್ರೆ ಒಂದೂ ಬರಲ್ಲ. ಲಿಸ್ಟ್ ಇನ್ನೂ ಜಾಸ್ತಿ ಮಾಡ್ಲಾ?

ಉತ್ತರ: ಬೇಡ, ಕಮ್ಮಿ ಮಾಡಿ. ಮರೆಯೋದು ನಿಮ್ಮೊಬ್ಬರ ತೊಂದ್ರೆ ಅಲ್ಲ. ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನ ತಾನೇ ಬಾಯಿಪಾಠ ಮಾಡಿ ಎಷ್ಟು ಬೇಗ ಮರೆಯುತ್ತೆ ಅಂತ ಅಳೆದು 1885ರಲ್ಲೇ ಪ್ರಕಟಿಸಿದ್ರು, ಹೆಚ್ಚಿನ ಭಾಗ ಮೊದಲ ದಿನವೇ ಹೋಗಿಬಿಡತ್ತೆ. ನಿಮ್ಮ ಲಿಸ್ಟಲ್ಲಿರೋ ಪದಗಳೂ ಹೆಚ್ಚುಕಮ್ಮಿ ಅದೇ ಸ್ಥಿತಿಲಿವೆ, ಅರ್ಥ ಪಕ್ಕದಲ್ಲಿ ಬರೆದಿದೆ, ಆದ್ರೆ ಆ ಪದ ಎಲ್ಲಿ ಓಡಾಡತ್ತೆ, ಯಾರ ಜೊತೆ ಸೇರತ್ತೆ ಅನ್ನೋದು ಏನೂ ಇಲ್ಲ.

ಒಂದು ಪದ ತಗೊಳ್ಳಿ, 'ಕಾಝ್' (cause). ಕಾರಣ ಆಗೋದು ಅಂತ ಬರ್ಕೊಂಡಿರ್ತೀರಿ, ತಪ್ಪೇನಿಲ್ಲ. ಆದ್ರೆ ಇಂಗ್ಲಿಷ್ ಪತ್ರಿಕೆಲಿ ಅದನ್ನ ಹುಡುಕ್ತಾ ಹೋದ್ರೆ ಅದಾದ್ಮೇಲೆ ಬರೋದು ಡ್ಯಾಮೇಜ್, ಪ್ರಾಬ್ಲಮ್, ಡಿಲೇ, ಪೇನ್, ಹೆಚ್ಚಾಗಿ ಬರೀ ಕೆಟ್ಟದ್ದೇ! ನಮ್ಮ 'ತುತ್ತಾಗು' ಇದೆಯಲ್ಲ, ಟೀಕೆಗೆ ತುತ್ತಾದ, ಕಾಯಿಲೆಗೆ ತುತ್ತಾದ ಅಂತೀವೇ ಹೊರತು ಬಹುಮಾನಕ್ಕೆ ತುತ್ತಾದ ಅಂತ ಯಾರೂ ಅನ್ನಲ್ಲ, ಹಾಗೇ. ಇದು ನಮಗೆ ಯಾರೂ ಹೇಳಿಕೊಟ್ಟಿದ್ದಲ್ಲ, ಕೇಳಿ ಕೇಳಿ ಬಂದಿದ್ದು. ಇಂಗ್ಲಿಷಲ್ಲಿ ಅಷ್ಟು ಕೇಳೋ ಅವಕಾಶ ಇಲ್ದೇ ಇರೋದ್ರಿಂದ ಬೇಕು ಅಂತಲೇ ಗಮನಿಸಬೇಕು. ಸ್ಲಿಮ್, ಸ್ಕಿನ್ನಿ ಎರಡೂ ತೆಳ್ಳಗಿರೋರೇ, ಆದ್ರೆ ಮೊದಲನೇದು ಹೊಗಳಿಕೆ, ಎರಡನೇದು ಹೆಚ್ಚುಕಮ್ಮಿ 'ಸಣಕಲ' ಅಂದಂಗೆ.

ಇನ್ನೊಂದು ವಿಷಯ, ಪದ ಯಾವ ಮನೆಯಿಂದ ಬಂತು ಅನ್ನೋದು. 1066ರಲ್ಲಿ ಫ್ರೆಂಚ್ ಮಾತಾಡ್ತಿದ್ದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ಕೋರ್ಟು, ಅರಮನೆ ದಾರಿಲಿ ರಾಶಿರಾಶಿ ಒಳಗೆ ಬಂದ್ವು, ಹಾಗಾಗಿ ಬಿಗಿನ್ (ಶುರು ಮಾಡು) ಪಕ್ಕ ಕಮೆನ್ಸ್, ಬೈ (ಕೊಂಡ್ಕೊ) ಪಕ್ಕ ಪರ್ಚೇಸ್ ಅಂತ ಜೋಡಿಜೋಡಿ ಉಳ್ಕೊಂಡಿವೆ. ಅರ್ಥ ಒಂದೇ ಅಂತ ಫ್ರೆಂಡಿಗೆ ಮೆಸೇಜಲ್ಲಿ ಕಮೆನ್ಸ್ ಬರೆದ್ರೆ 'ಸ್ವಲ್ಪ ಜಲ ಕೊಡಿ' ಅಂತ ಕೇಳಿದ ಹಾಗಿರತ್ತೆ.

ಲ್ಯಾಟಿನ್ ಧಾತು ಕಲಿಯೋದು ಒಳ್ಳೇದೇ, 'ಸ್ಪೆಕ್ಟ್' ಅಂದ್ರೆ ನೋಡು ಅಂತ ಗೊತ್ತಿದ್ರೆ ಇನ್‌ಸ್ಪೆಕ್ಟ್, ಸಸ್ಪೆಕ್ಟ್, ಸ್ಪೆಕ್ಟೇಟರ್ ಎಲ್ಲಾ ಒಂದೇ ಬಳಗ ಅಂತ ಕಾಣತ್ತೆ. ಆದ್ರೆ ಅದರಿಂದ ಅರ್ಥ ಊಹೆ ಮಾಡೋಕೆ ಹೋಗ್ಬೇಡಿ. ಆಹಾರ, ಪ್ರಹಾರ, ವಿಹಾರ, ಸಂಹಾರ ಎಲ್ಲಾ ಒಂದೇ ಧಾತು ತಾನೆ, ಊಟಕ್ಕೂ ಏಟಿಗೂ ಏನು ಸಂಬಂಧ ಅಂತ ಯಾರು ಊಹಿಸ್ತಾರೆ? ನೆನಪಿಟ್ಕೊಳ್ಳೋಕೆ ಧಾತು, ಬಳಸೋಕೆ ವಾಕ್ಯ.

ಹಾಗಾಗಿ ದಿನಕ್ಕೆ ಎರಡೋ ಮೂರೋ ಪದ ಸಾಕು, ಅದೂ ನೀವೇ ಓದಿದ ಬರಹದಲ್ಲಿ ಸಿಕ್ಕಿದ್ದು. ಆ ವಾಕ್ಯ ಹಾಗೇ ಬರ್ಕೊಳ್ಳಿ, ಕೆಳಗೆ ನಿಮ್ಮದೊಂದು ವಾಕ್ಯ. ಮಾರನೇ ದಿನ, ಆಮೇಲೆ ವಾರ ಬಿಟ್ಟು, ತಿಂಗಳು ಬಿಟ್ಟು ಪದ ಮುಚ್ಚಿಟ್ಕೊಂಡು ನೆನಪು ಮಾಡ್ಕೊಳ್ಳಿ. ಬರೀ ತಿರುಗಿ ಓದೋದು ಬೇಡ, ಓದಿದ್ರೆ ಗೊತ್ತಿದೆ ಅನ್ನಿಸತ್ತೆ ಅಷ್ಟೇ.

ಪ್ರಶ್ನೆ: ಯಾವ ಡಿಕ್ಷನರಿ ತಗೊಳ್ಳಲಿ?

ಉತ್ತರ: ಹೆಸರಲ್ಲಿ 'ಲರ್ನರ್ಸ್' ಅಂತ ಇರೋದು ನೋಡಿ, ಅಥವಾ ಲಾಂಗ್‌ಮನ್. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿಲಿ ಎಲ್ಲಾ ಅರ್ಥವನ್ನೂ ಸುಮಾರು 2000 ಸುಲಭ ಪದಗಳಲ್ಲೇ ವಿವರಿಸಿದ್ರು, ಒಂದು ಪದ ನೋಡೋಕೆ ಹೋಗಿ ಇನ್ನೂ ನಾಲ್ಕು ಹುಡುಕೋ ಗೋಳಿಲ್ಲ. ಅರ್ಥ ನೋಡಿ ಮುಚ್ಚಿಡ್ಬೇಡಿ, ಕೆಳಗಿರೋ ಉದಾಹರಣೆ ವಾಕ್ಯಗಳನ್ನೂ ಓದಿ.