ಚಟ್ನಿಪುಡಿ ವ್ಯಾಪಾರಕ್ಕೆ ವಿಸಿ ಹಣ ತಗೋಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಧಾರವಾಡದಲ್ಲಿ ನೀವು, ನಿಮ್ಮ ಅತ್ತೆಯವರು ಸೇರಿ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ಮಾಡಿ ಮಾರುತ್ತಿದ್ದೀರಿ. ತಿಂಗಳಿಗೆ 30 ಲಕ್ಷದ ವಹಿವಾಟು. ಬೆಂಗಳೂರಿನ ಒಂದು ವೆಂಚರ್ ಫಂಡ್‌ನವರು (ವಿಸಿ, ಅಂದರೆ ಬೆಳೆಯುವ ಕಂಪನಿಗಳಲ್ಲಿ ಪಾಲು ಪಡೆದು ಹಣ ಹಾಕುವವರು) 3 ಕೋಟಿ ಹಾಕುತ್ತೇವೆ, ಶೇ. 20 ಪಾಲು ಕೊಡಿ ಅನ್ನುತ್ತಿದ್ದಾರೆ. ಒಪ್ಪಬೇಕಾ ಬೇಡವಾ?

ಈಗ ಬೇಡ ಅಂತ ನನ್ನ ಅಭಿಪ್ರಾಯ. ವಿಸಿಗಳು ಕೆಟ್ಟವರು ಅಂತಲ್ಲ. ಅವರ ಗಡಿಯಾರ ಬೇರೆ, ನಿಮ್ಮ ಒಲೆಯ ಗಡಿಯಾರ ಬೇರೆ, ಅಷ್ಟೇ.

ನಾನು ನಾಲ್ಕು ವರ್ಷ ಒಂದು ಕುರುಕಲು ತಿಂಡಿ ಕಂಪನಿಯಲ್ಲಿ ಮಾರಾಟದ ಲೆಕ್ಕ ನೋಡುತ್ತಿದ್ದೆ. ಹೆಸರು ಬೇಡ, ಕಂಪನಿ ಈಗ ಇಲ್ಲ. ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ. ಬೆಂಗಳೂರು ಮೈಸೂರಿನ ಇನ್ನೂರು ಚಿಲ್ಲರೆ ಅಂಗಡಿಗಳಲ್ಲಿ ಚೆನ್ನಾಗಿಯೇ ಹೋಗುತ್ತಿತ್ತು. ಹಣ ಬಂತು. ಎಂಟು ತಿಂಗಳಲ್ಲಿ ಹೈದರಾಬಾದು, ಪುಣೆ, ಚೆನ್ನೈ ಮುಟ್ಟಬೇಕು ಅಂತಾಯಿತು. ನಮ್ಮಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಬಿಲ್ ಮಾಡಿದ್ದನ್ನು ‘ಪ್ರೈಮರಿ’ ಅನ್ನುತ್ತಿದ್ದರು, ಅವರಿಂದ ಅಂಗಡಿಗೆ ಹೋದದ್ದು ‘ಸೆಕೆಂಡರಿ’. ಹೂಡಿಕೆದಾರರ ಮೀಟಿಂಗಿನಲ್ಲಿ ತೋರಿಸುತ್ತಿದ್ದದ್ದು ಪ್ರೈಮರಿ. ಹಾಗಾಗಿ ತಿಂಗಳ 28, 29ಕ್ಕೆ ಡಿಸ್ಟ್ರಿಬ್ಯೂಟರ್ ಗೋಡೌನಿಗೆ ಮಾಲು ತುರುಕುವುದು ನಮ್ಮ ಕೆಲಸ. ದುಡ್ಡು ಆಮೇಲೆ ಕೊಡಿ, ಮಾರದಿದ್ದರೆ ವಾಪಸ್ ತಗೋತೀವಿ, ಬಿಲ್ ಮಾತ್ರ ಈ ತಿಂಗಳದ್ದೇ ಇರಲಿ, ಅನ್ನುತ್ತಿದ್ದೆವು.

ವಾಪಸ್ ಬಂತು. ನೆಲಮಂಗಲದ ಹತ್ತಿರ ಬಾಡಿಗೆ ಶೆಡ್ಡಿನಲ್ಲಿ ರಟ್ಟಿನ ಡಬ್ಬಗಳು ಛಾವಣಿವರೆಗೆ. ಇಬ್ಬರು ಹುಡುಗರು ಕೂತು ಬ್ಲೇಡಿನಲ್ಲಿ ಒಂದೊಂದೇ ಪ್ಯಾಕೆಟ್ ಸೀಳಿ ಕೋಡುಬಳೆಯನ್ನು ಗೋಣಿಚೀಲಕ್ಕೆ ಸುರಿಯುತ್ತಿದ್ದರು. ದನದ ಮೇವಿಗೆ ಅಂತ ಕೆಜಿ ಲೆಕ್ಕದಲ್ಲಿ ಒಯ್ಯುವವರು ಬರುತ್ತಿದ್ದರು. ಆ ಕಮಟು ವಾಸನೆ ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗದು. ರುಚಿ ಕೆಟ್ಟು ನಮ್ಮ ಕಂಪನಿ ಮುಳುಗಿದ್ದಲ್ಲ. ಕೊನೆಯವರೆಗೂ ನಿಪ್ಪಟ್ಟು ಚೆನ್ನಾಗಿತ್ತು.

ನಿಮ್ಮ ಮಾಲಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಅಗಸಿ ಎಣ್ಣೆಯಂತೂ ಗಾಳಿ ತಾಕಿದರೆ ಇನ್ನೂ ಬೇಗ ಕೆಡುತ್ತದೆ. ಧಾರವಾಡ, ಹುಬ್ಬಳ್ಳಿಯಲ್ಲಿ ವಾರಕ್ಕೆರಡು ಸಲ ಹೊಸ ಪುಡಿ ಅಂಗಡಿಗೆ ಹೋಗುತ್ತಿರುವಾಗ ಇದು ಗೊತ್ತಾಗುವುದಿಲ್ಲ. ಗುರುಗ್ರಾಮದ ಗೋಡೌನಿನಲ್ಲಿ ಮೇ ತಿಂಗಳ ಬಿಸಿಲಿಗೆ ಕೂತಾಗ ಗೊತ್ತಾಗುತ್ತದೆ. ಹೂಡಿಕೆಯ ಮಾತು ಆಮೇಲಾಗಲಿ, ಮೊದಲು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ಕಡೆ ಕೇಳಿ, ಪುಡಿ ನಿಜವಾಗಿ ಎಷ್ಟು ದಿನ ತಾಳುತ್ತದೆ ಅಂತ ಪರೀಕ್ಷೆ ಮಾಡಿಸಿ.

ಇಷ್ಟೊಂದು ಅವಸರ ಯಾಕೆ ಅಂತೀರಾ? ಫಂಡಿನವರದ್ದೂ ಸ್ವಂತ ದುಡ್ಡಲ್ಲ. ಬೇರೆಯವರಿಂದ ತಂದದ್ದು, ಸಾಮಾನ್ಯವಾಗಿ ಹತ್ತು ವರ್ಷದೊಳಗೆ ಲಾಭದ ಸಮೇತ ಹಿಂತಿರುಗಿಸಬೇಕು. ಉದಾಹರಣೆಗೆ 300 ಕೋಟಿಯ ಫಂಡು, ಮೂವತ್ತು ಕಂಪನಿಗಳಲ್ಲಿ ಹಾಕುತ್ತಾರೆ ಅಂದುಕೊಳ್ಳಿ. ಅರ್ಧಕ್ಕರ್ಧ ಮುಳುಗುತ್ತವೆ ಅಂತ ಅವರಿಗೇ ಗೊತ್ತು. ಒಂದೋ ಎರಡೋ ಕಂಪನಿ ಇಡೀ ಫಂಡನ್ನು ಎತ್ತಬೇಕು. ಮುಂದೆ ಬೇರೆ ಹೂಡಿಕೆದಾರರು ಬಂದು ಪಾಲು ಕರಗಿ, ಕೊನೆಗೆ ಅವರ ಕೈಯಲ್ಲಿ ಶೇ. 15 ಉಳಿದಿದೆ ಅಂದರೂ 300 ಕೋಟಿ ವಾಪಸ್ ಬರಲು ನಿಮ್ಮ ಕಂಪನಿ 2,000 ಕೋಟಿ ಬೆಲೆ ಬಾಳಬೇಕು. ಹತ್ತು ವರ್ಷದಲ್ಲಿ 50 ಕೋಟಿ ವಹಿವಾಟು, ಎಂಬತ್ತು ಜನರಿಗೆ ಕೆಲಸ, ಕೈತುಂಬ ಲಾಭ. ನಿಮ್ಮ ಮನೆಯಲ್ಲಿ ಅದಕ್ಕೆ ಹೋಳಿಗೆ ಊಟ ಹಾಕಿಸುತ್ತೀರಿ. ಅವರ ಪಟ್ಟಿಯಲ್ಲಿ ನೀವು ಸೋತವರು.

ಹೂಡಿಕೆಯ ಷರತ್ತು ಬರೆದ ಟರ್ಮ್ ಶೀಟ್‌ನಲ್ಲಿ ‘ಲಿಕ್ವಿಡೇಶನ್ ಪ್ರಿಫರೆನ್ಸ್’ ಅಂತ ಒಂದು ಕಲಂ ಇರುತ್ತದೆ. ಎಲ್ಲರೂ ಪಾಲಿನ ಶೇಕಡಾವಾರು ಹಿಡಿದು ಚೌಕಾಸಿ ಮಾಡುತ್ತಾರೆ, ಇದನ್ನು ದಾಟಿ ಹೋಗುತ್ತಾರೆ. ವ್ಯಾಪಾರ ಕೈಕೊಟ್ಟು ಕಂಪನಿಯನ್ನು 5 ಕೋಟಿಗೆ ಮಾರಬೇಕಾಗಿ ಬಂತು ಅನ್ನಿ. ಶೇ. 80 ನಮ್ಮದು, 4 ಕೋಟಿ ಬರುತ್ತದೆ ಅಂತ ನಿಮ್ಮ ಲೆಕ್ಕ. ಆ ಕಲಂ ಪ್ರಕಾರ ಅವರು ಹಾಕಿದ 3 ಕೋಟಿ ಮೊದಲು ಅವರು ಎತ್ತಿಕೊಳ್ಳುತ್ತಾರೆ. ನಿಮಗೆ ಉಳಿಯುವುದು 2 ಕೋಟಿ. ಸಾಲ, ಕೆಲಸದವರ ಬಾಕಿ ಎಲ್ಲ ತೀರಿದ ಮೇಲಿನ ಮಾತು ಇದು. ‘ಡ್ರ್ಯಾಗ್ ಅಲಾಂಗ್’ ಇದ್ದರೆ ಅದನ್ನೂ ಓದಿಸಿ: ಅವರು ಮಾರಲು ನಿಂತರೆ ನೀವೂ ಮಾರಲೇಬೇಕಾದೀತು.

ಹಾಗಂತ ಈ ಹಣದಿಂದ ಯಾರೂ ಉದ್ಧಾರ ಆಗಿಲ್ಲ ಅಂದರೆ ಸುಳ್ಳು. ಐಡಿ ಫ್ರೆಶ್ ನೋಡಿ. ಮುಸ್ತಫಾ ಮತ್ತು ಅವರ ಸೋದರ ಸಂಬಂಧಿಗಳು ಬೆಂಗಳೂರಿನಲ್ಲಿ ದೋಸೆಹಿಟ್ಟು ಶುರುಮಾಡಿದ್ದು 2005ರಲ್ಲಿ. ಹೀಲಿಯನ್ ವೆಂಚರ್ಸ್‌ನವರ 35 ಕೋಟಿ ಬಂದದ್ದು 2014ರಲ್ಲಿ, ಪ್ರೇಮ್‌ಜಿ ಇನ್ವೆಸ್ಟ್ ಬಂದದ್ದು 2017ರಲ್ಲಿ. ನಡುವಿನ ಆ ಒಂಬತ್ತು ವರ್ಷ ಎಲ್ಲರೂ ಮರೆತುಬಿಡುತ್ತಾರೆ. ದಿನಕ್ಕೆ ಎಷ್ಟು ಹಿಟ್ಟು ಹೋಗುತ್ತದೆ, ಯಾವ ಅಂಗಡಿಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದು ಅವರಿಗೆ ಅಷ್ಟರಲ್ಲಿ ಬಾಯಿಪಾಠ ಆಗಿತ್ತು. ದುಡ್ಡು ಬಂದದ್ದು ಗೊತ್ತಿದ್ದ ಕೆಲಸವನ್ನು ದೊಡ್ಡದು ಮಾಡಲಿಕ್ಕೆ.

ಇನ್ನೊಂದು ಮಾತು ಅತ್ತೆಯವರ ಹತ್ತಿರ ಈಗಲೇ ಆಡಿ: ಒಂದು ದಿನ ಮಾರಲು ಸಿದ್ಧವಾ? ಹೂಡಿಕೆದಾರರು ಹೊರಹೋಗಲು ಇರುವ ದಾರಿ ಹೆಚ್ಚಾಗಿ ಷೇರುಪೇಟೆ, ದೊಡ್ಡ ಕಂಪನಿಗೆ ಮಾರಾಟ, ಇಲ್ಲವೇ ಇನ್ನೊಬ್ಬ ಹೂಡಿಕೆದಾರ. ನಮ್ಮ ಎಂಟಿಆರ್‌ನ ಪೊಟ್ಟಣದ ವ್ಯಾಪಾರ 2007ರಲ್ಲಿ ನಾರ್ವೆಯ ಆರ್ಕ್ಲಾ ಪಾಲಾಯಿತು, ಹೋಟೆಲು ಮನೆಯವರ ಕೈಯಲ್ಲೇ ಉಳಿಯಿತು. ರಾಗಿ ತಿಂಡಿಯ ಸೋಲ್‌ಫುಲ್ 2021ರಲ್ಲಿ ಟಾಟಾದವರಿಗೆ ಹೋಯಿತು. ಅದು ತಪ್ಪಲ್ಲ, ಒಳ್ಳೆಯ ಬೆಲೆಗೆ ಮಾರುವುದೂ ವ್ಯಾಪಾರವೇ. ಆದರೆ ನೀವು ಬರೆದಿದ್ದೀರಿ, ‘ಅತ್ತೆಯವರ ಹೆಸರಿನಲ್ಲೇ ಬ್ರ್ಯಾಂಡ್ ಇದೆ’ ಅಂತ. ಪೊಟ್ಟಣದ ಮೇಲೆ ಅವರ ಹೆಸರು ಇರುತ್ತದೆ, ಒಳಗಿನ ಪುಡಿ ಹೇಗಿರಬೇಕು ಅಂತ ಹೇಳುವವರು ಬೇರೆ ಇರುತ್ತಾರೆ. ಅದು ಅವರಿಗೆ ಒಗ್ಗುತ್ತದಾ?

ನಿಮಗೆ ಈಗ ಬೇಕಿರುವುದು ಹುರಿಯುವ, ಕುಟ್ಟುವ, ಪ್ಯಾಕ್ ಮಾಡುವ ಯಂತ್ರಗಳು ಅಂತ ಕಾಣುತ್ತದೆ. ಅದಕ್ಕೆ ಪಾಲು ಯಾಕೆ ಕೊಡಬೇಕು? ಕಿರು ಆಹಾರ ಉದ್ದಿಮೆಗಳಿಗೆ ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರಲ್ಲಿ ಬಂದದ್ದು. ಬ್ಯಾಂಕ್ ಸಾಲ ತಗೊಂಡರೆ ಯೋಜನೆಯ ಖರ್ಚಿನ ಶೇ. 35 ಸಬ್ಸಿಡಿ, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಮೇಲೆ ಶೇ. 15 ಸೇರಿಸಿ ಒಟ್ಟು ಅರ್ಧಕ್ಕೆ ತಂದಿತು, ಮಿತಿ 15 ಲಕ್ಷ. ನೋಡಿಕೊಳ್ಳುವುದು ರಾಜ್ಯ ಸರ್ಕಾರದ ನಿಗಮವಾದ ಕೆಪೆಕ್. ನಿಮ್ಮ ವಹಿವಾಟಿಗೆ ಹೊಂದುತ್ತದಾ, ಈಗ ಅರ್ಜಿ ತಗೋತಿದ್ದಾರಾ ಅಂತ ಜಿಲ್ಲಾ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಓಡಾಟ ಇದೆ, ಕಾಗದಪತ್ರ ಇದೆ, ಬ್ಯಾಂಕ್ ಮ್ಯಾನೇಜರ್ ಮುಖ ಗಂಟು ಹಾಕುತ್ತಾರೆ. ಆದರೂ ಬ್ಯಾಂಕಿಗೆ ಕಂತು ಕಟ್ಟಿದರೆ ಸಾಕು, ಪುಣೆಗೆ ಯಾಕೆ ಹೋಗಿಲ್ಲ ಅಂತ ಅದು ಕೇಳುವುದಿಲ್ಲ.

ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆ್ಯಪ್‌ಗಳಲ್ಲಿ ಮಾರಬೇಕು ಅಂತಲೂ ಬರೆದಿದ್ದೀರಿ. ಕಮಿಷನ್, ಜಾಹೀರಾತು, ರಿಯಾಯಿತಿ ಎಲ್ಲ ಸೇರಿ ನಮಗೆ ನೂರು ರೂಪಾಯಿ ಎಂಆರ್‌ಪಿಯಲ್ಲಿ ನಲವತ್ತಕ್ಕೂ ಹೆಚ್ಚು ಅಲ್ಲೇ ಹೋಗುತ್ತಿತ್ತು. ಲೆಕ್ಕ ಹಾಕಿ ಇಳಿಯಿರಿ.

ಸೋಮವಾರ ಅವರ ಜೊತೆ ಕಾಲ್ ಇದೆ ಅಂದಿರಲ್ಲ, ಎರಡು ಪ್ರಶ್ನೆ ಕೇಳಿ. ಒಂದು, ನಿಮ್ಮ ಫಂಡು ಶುರುವಾಗಿ ಎಷ್ಟು ವರ್ಷ ಆಯಿತು? ಆರೇಳು ಅಂದರೆ ನಿಮ್ಮನ್ನು ಮಾರುವ ಅವಸರ ಬೇಗ ಶುರುವಾಗುತ್ತದೆ. ಎರಡು, ನೀವು ಹಣ ಹಾಕಿದ ಮೇಲೆ ಮುಚ್ಚಿಹೋದ ಕಂಪನಿಯ ಮಾಲೀಕರೊಬ್ಬರ ನಂಬರ್ ಕೊಡುತ್ತೀರಾ? ಗೆದ್ದವರ ನಂಬರ್ ಖುಷಿಯಿಂದ ಕೊಡುತ್ತಾರೆ. ಅದನ್ನೂ ಬರೆದುಕೊಳ್ಳಿ, ಆಮೇಲೆ ಮುಚ್ಚಿದವರದ್ದನ್ನು ಮತ್ತೆ ಕೇಳಿ.